ಪುಟ ಎಲ್ಲಿದೆ? ಡೇಟಾಬೇಸ್ ವೇಗದ ಹಿಂದಿನ ಲೆಕ್ಕಾಚಾರ

ಡೇಟಾಬೇಸ್ ನಿಧಾನವಾಗಿದೆ ಎಂಬ ದೂರು ಬಂದ ಕೂಡಲೇ ಸಾಮಾನ್ಯವಾಗಿ ಎರಡು ಸಲಹೆಗಳು ಕೇಳಿಬರುತ್ತವೆ. ಇನ್ನೂ ದೊಡ್ಡ ಸರ್ವರ್ ತರಿಸೋಣ ಎನ್ನುವುದು ಒಂದು, ಡೇಟಾಬೇಸಿನ ಮುಂದೆ ರೆಡಿಸ್‌ನಂಥ ಕ್ಯಾಶ್, ಅಂದರೆ ಮತ್ತೆ ಮತ್ತೆ ಕೇಳುವ ಉತ್ತರಗಳ ತಾತ್ಕಾಲಿಕ ಸಂಗ್ರಹ, ಇಡೋಣ ಎನ್ನುವುದು ಇನ್ನೊಂದು. ಕೆಲವು ಸಂದರ್ಭಗಳಲ್ಲಿ ಎರಡೂ ಸರಿಯಾದ ಸಲಹೆಗಳೇ. ಆದರೆ ಹೆಚ್ಚಿನ ಸಲ ಯಂತ್ರ ಯಾವುದಕ್ಕಾಗಿ ಕಾಯುತ್ತಿದೆ ಎಂಬುದನ್ನು ನೋಡುವ ಮೊದಲೇ ಅವು ಹೊರಟುಬಿಟ್ಟಿರುತ್ತವೆ. ಪ್ರೊಸೆಸರ್ ಶೇ. 15ರಷ್ಟು ಮಾತ್ರ ದುಡಿಯುತ್ತಿದ್ದು, ಕ್ವೆರಿಗೆ (ಡೇಟಾಬೇಸಿಗೆ ಕೇಳಿದ ಪ್ರಶ್ನೆಗೆ) ಉತ್ತರ ಬರಲು ಎರಡು ಸೆಕೆಂಡ್ ಹಿಡಿಯುತ್ತಿದ್ದರೆ ಉಳಿದ ಸಮಯವೆಲ್ಲ ಎಲ್ಲಿ ಹೋಯಿತು ಎಂದು ಕೇಳಬೇಕಾಗುತ್ತದೆ. ಡೇಟಾಬೇಸಿನ ಬಹುಪಾಲು ಸಮಯ ಕಾಯುವುದರಲ್ಲೇ ಕಳೆಯುತ್ತದೆ, ಮತ್ತು ಎಷ್ಟು ಹೊತ್ತು ಕಾಯಬೇಕೆಂಬುದು ಬೇಕಾದ ಪುಟ ಆ ಕ್ಷಣಕ್ಕೆ ಎಲ್ಲಿದೆ ಎಂಬುದರ ಮೇಲೆ ನಿಂತಿರುತ್ತದೆ.

ಪುಟ ಎಂಬ ಮಾತನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬೇಕು. ನಾವು ಟೇಬಲ್ಲಿನ ಒಂದು ಸಾಲನ್ನು ಕೇಳಿದರೂ ಡೇಟಾಬೇಸ್ ಒಂದೇ ಸಾಲನ್ನು ಓದುವುದಿಲ್ಲ. ಆ ಸಾಲಿರುವ ಇಡೀ ಪುಟವನ್ನು ಎತ್ತಿಕೊಳ್ಳುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಈ ಪುಟದ ಗಾತ್ರ 8 ಕೆಬಿ, ಮೈಎಸ್‌ಕ್ಯುಎಲ್ ಎಂಬ ಇನ್ನೊಂದು ಡೇಟಾಬೇಸಿನ ಸಂಗ್ರಹ ಎಂಜಿನ್ ಆದ ಇನ್ನೊಡಿಬಿಯಲ್ಲಿ ಸಾಮಾನ್ಯವಾಗಿ 16 ಕೆಬಿ. ಪುಟಗಳನ್ನು ಮರದಂತೆ ಹಂತಹಂತವಾಗಿ ಜೋಡಿಸುವ ವಿಧಾನವೆಂದರೆ ಬಿ-ಟ್ರೀ. ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಬೋಯಿಂಗ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದಾಗ ರೂಪಿಸಿ 1972ರಲ್ಲಿ ಪ್ರಕಟಿಸಿದ ಈ ರಚನೆಯ ವಿಸ್ತೃತ ರೂಪಗಳನ್ನೇ ಇಂದಿಗೂ ಬಹುತೇಕ ಡೇಟಾಬೇಸ್‌ಗಳು ಬಳಸುತ್ತವೆ. ಅದರ ಬಲ ಎಲ್ಲಿದೆ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ಕಾಣಬಹುದು. ಮೇಲಿನ ಹಂತಗಳ ಒಂದೊಂದು ಪುಟವೂ ತನ್ನ ಕೆಳಗಿನ 500 ಪುಟಗಳ ವಿಳಾಸವನ್ನು ಹಿಡಿದಿಟ್ಟುಕೊಂಡಿದೆ, ಕೊನೆಯ ಹಂತದ ಎಲೆಪುಟದಲ್ಲಿ 100 ಸಾಲುಗಳಿವೆ ಎಂದಿಟ್ಟುಕೊಳ್ಳೋಣ. ಬೇರು, ನಡುವಿನ ಹಂತ, ಎಲೆ ಎಂಬ ಮೂರೇ ಹಂತಗಳಲ್ಲಿ 500 × 500 × 100, ಅಂದರೆ ಎರಡೂವರೆ ಕೋಟಿ ಸಾಲುಗಳು ಹಿಡಿಸುತ್ತವೆ. ಎರಡೂವರೆ ಕೋಟಿಯಲ್ಲಿ ಯಾವ ಸಾಲನ್ನು ಕೇಳಿದರೂ ಮುಟ್ಟಬೇಕಾದದ್ದು ಮೂರು ಪುಟ.

ಈಗ ಆ ಮೂರು ಪುಟಗಳು ಎಲ್ಲಿರಬಹುದು ಎಂದು ನೋಡೋಣ. ಪುಟ ಮೆಮೊರಿಯಲ್ಲಿದ್ದರೆ ಅದನ್ನು ಮುಟ್ಟಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ಎನ್‌ವಿಎಂಇ ಎಸ್‌ಎಸ್‌ಡಿ ಎಂಬ, ತಿರುಗುವ ಭಾಗಗಳಿಲ್ಲದ ವೇಗದ ಫ್ಲ್ಯಾಶ್ ಡಿಸ್ಕಿನಲ್ಲಿದ್ದರೆ ಸುಮಾರು 100 ಮೈಕ್ರೊಸೆಕೆಂಡ್ ಬೇಕು, ಅಂದರೆ ಸಾವಿರ ಪಟ್ಟು. ತಿರುಗುವ ಹಾರ್ಡ್ ಡಿಸ್ಕಿನ ಕಥೆ ಬೇರೆಯೇ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಸೆಕೆಂಡಿಗೆ 120 ಸುತ್ತು ಹಾಕುತ್ತದೆ, ಒಂದು ಸುತ್ತಿಗೆ 8.33 ಮಿಲಿಸೆಕೆಂಡ್. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ತಲೆ ಸರಿಯಾದ ಪಥಕ್ಕೆ ಸರಿಯಲು ಇನ್ನೊಂದು ಏಳೆಂಟು ಮಿಲಿಸೆಕೆಂಡ್ ಬೇಕು. ಎಲ್ಲ ಸೇರಿ ಸುಮಾರು 12 ಮಿಲಿಸೆಕೆಂಡ್. ಹೀಗಾಗಿ ಅಲ್ಲೊಂದು ಇಲ್ಲೊಂದು ಪುಟ ಓದುವ ಕೆಲಸದಲ್ಲಿ ಅಂಥ ಡಿಸ್ಕ್ ಸೆಕೆಂಡಿಗೆ ಎಂಬತ್ತು ಪುಟಗಳ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಈ ಅಂತರಗಳು ಮನಸ್ಸಿಗೆ ತಟ್ಟಬೇಕಾದರೆ ಮೆಮೊರಿಯ 100 ನ್ಯಾನೊಸೆಕೆಂಡನ್ನು ಒಂದು ಸೆಕೆಂಡ್ ಎಂದು ಹಿಗ್ಗಿಸಿ ನೋಡಿ: ಎಸ್‌ಎಸ್‌ಡಿಯ ಓದಿಗೆ ಹದಿನೇಳು ನಿಮಿಷ, ಹಾರ್ಡ್ ಡಿಸ್ಕಿನ ಓದಿಗೆ ಒಂದು ದಿನ ಮತ್ತು ಇನ್ನೂ ಒಂಬತ್ತು ಗಂಟೆ ಹಿಡಿಯುತ್ತದೆ.

ನಮ್ಮ ಉದಾಹರಣೆಯ ಮರದಲ್ಲಿ ಬೇರಿನ ಪುಟ ಒಂದು, ನಡುವಿನ ಹಂತದವು 500. ಪ್ರತಿ ಕ್ವೆರಿಯೂ ಇವುಗಳ ಮೂಲಕವೇ ಹಾದುಹೋಗುವುದರಿಂದ ಇವು ಸದಾ ಮೆಮೊರಿಯಲ್ಲೇ ಉಳಿಯುತ್ತವೆ, ಮತ್ತು ಪುಟಕ್ಕೆ 16 ಕೆಬಿ ಎಂದರೆ ಎಲ್ಲ ಸೇರಿದರೂ ಅವು ಕೇವಲ 8 ಎಂಬಿ. ಎಲೆಪುಟಗಳು ಎರಡೂವರೆ ಲಕ್ಷ, ಅವುಗಳ ಒಟ್ಟು ಗಾತ್ರ ಸುಮಾರು 4 ಜಿಬಿ. ಆದ್ದರಿಂದ ಸಣ್ಣ ಸರ್ವರಿನಲ್ಲೂ ಮೂರರಲ್ಲಿ ಎರಡು ಪುಟಗಳು ಪುಕ್ಕಟೆಯಾಗಿ ಸಿಗುತ್ತವೆ. ಮೂರನೆಯ ಪುಟ ಎಲ್ಲಿದೆ ಎಂಬುದಕ್ಕಾಗಿಯೇ ನಾವು ರ‍್ಯಾಮ್‌ಗೆ, ಎಸ್‌ಎಸ್‌ಡಿಗೆ, ಕ್ಯಾಶಿಗೆ ಹಣ ಸುರಿಯುವುದು.

ಹಿಟ್ ರೇಶಿಯೊ ಎಂಬ ಅಂಕಿ ಅನೇಕರನ್ನು ದಾರಿತಪ್ಪಿಸುವುದು ಇಲ್ಲೇ. ನೂರು ಪುಟಗಳನ್ನು ಕೇಳಿದಾಗ 99 ಮೆಮೊರಿಯಲ್ಲೇ ಸಿಕ್ಕವು ಎಂದರೆ ಪರೀಕ್ಷೆಯಲ್ಲಿ 99 ಅಂಕ ಬಂದಂತೆ ಸಮಾಧಾನವಾಗುತ್ತದೆ. ಆದರೆ ತಪ್ಪಿದ ಆ ಒಂದು ಓದಿಗೆ 10 ಮಿಲಿಸೆಕೆಂಡ್ ಬೇಕಾದರೆ ಸರಾಸರಿ ಓದು 100 ಮೈಕ್ರೊಸೆಕೆಂಡಿಗೆ ಏರುತ್ತದೆ, ಅಂದರೆ ಮೆಮೊರಿಯ ವೇಗದ ಸಾವಿರದಲ್ಲೊಂದು ಪಾಲು. ಹಿಟ್ ಶೇ. 99.9ಕ್ಕೆ ಏರಿದರೆ ಸರಾಸರಿ 10 ಮೈಕ್ರೊಸೆಕೆಂಡಿಗೆ ಇಳಿಯುತ್ತದೆ, ಶೇ. 98ಕ್ಕೆ ಜಾರಿದರೆ ಡಿಸ್ಕಿನ ಮೇಲಿನ ಹೊರೆ ಇಮ್ಮಡಿಯಾಗುತ್ತದೆ. ಗಮನಿಸಬೇಕಾದದ್ದು ಸಿಕ್ಕವುಗಳ ಪ್ರಮಾಣಕ್ಕಿಂತ ತಪ್ಪಿದವುಗಳ ಸಂಖ್ಯೆ. ಅದೇ ಲೆಕ್ಕವನ್ನು ಎನ್‌ವಿಎಂಇ ಡಿಸ್ಕ್ ಇಟ್ಟುಕೊಂಡು ಮಾಡಿದರೆ ಶೇ. 99 ಹಿಟ್‌ನಲ್ಲಿ ಸರಾಸರಿ 1.1 ಮೈಕ್ರೊಸೆಕೆಂಡ್ ಮಾತ್ರ. ಹಾರ್ಡ್ ಡಿಸ್ಕಿನಿಂದ ಫ್ಲ್ಯಾಶಿಗೆ ಬದಲಾಯಿಸುವುದೆಂದರೆ ತಪ್ಪಿದ ಓದಿನ ದಂಡವನ್ನು ನೂರರಲ್ಲೊಂದು ಪಾಲಿಗೆ ಇಳಿಸಿದಂತೆ. ಅಪ್ಲಿಕೇಶನ್ನಿನ ಒಂದು ಸಾಲು ಕೋಡನ್ನೂ ಮುಟ್ಟದೆ ಇಷ್ಟು ಲಾಭ ತರುವ ಬೇರೆ ಬದಲಾವಣೆಗಳು ಹೆಚ್ಚಿಲ್ಲ.

ಯಾವ ಪುಟಕ್ಕೆ ಮೆಮೊರಿಯಲ್ಲಿ ಜಾಗ ಕೊಡುವುದು ಲಾಭದಾಯಕ ಎಂಬ ಪ್ರಶ್ನೆಗೆ ಜಿಮ್ ಗ್ರೇ ಮತ್ತು ಫ್ರಾಂಕೊ ಪುಟ್ಜೋಲು 1987ರಲ್ಲೇ ಒಂದು ಸೂತ್ರ ಕೊಟ್ಟಿದ್ದರು. ಐದು ನಿಮಿಷಕ್ಕೊಮ್ಮೆಯಾದರೂ ಬೇಕಾಗುವ ಪುಟವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವುದು ಅಗ್ಗ, ಅದಕ್ಕಿಂತ ಅಪರೂಪದ್ದನ್ನು ಡಿಸ್ಕಿನಲ್ಲಿ ಬಿಡುವುದು ಅಗ್ಗ ಎಂಬುದು ಅದರ ಸಾರ. ಅಂದಿನ ಮೆಮೊರಿಯ ಬೆಲೆ ಮತ್ತು ಡಿಸ್ಕಿನ ಬೆಲೆಗಳ ಅನುಪಾತದಿಂದ ಹುಟ್ಟಿದ ಆ ಐದು ನಿಮಿಷ ಶಾಶ್ವತವಾದದ್ದೇನೂ ಅಲ್ಲ, ಯಂತ್ರಾಂಶದ ಬೆಲೆ ಬದಲಾದಂತೆ ಅದೂ ಬದಲಾಗುತ್ತದೆ. ಆದರೆ ಮೆಮೊರಿ ಖರೀದಿಯನ್ನು ಊಹೆಯಿಂದ ಬಿಡಿಸಿ ಲೆಕ್ಕಕ್ಕೆ ತಂದ ಆ ಯೋಚನಾಕ್ರಮ ಇಂದಿಗೂ ಹಳತಾಗಿಲ್ಲ.

ಎಷ್ಟು ರ‍್ಯಾಮ್ ಬೇಕು ಎಂಬುದನ್ನು ಒಟ್ಟು ಡೇಟಾದ ಗಾತ್ರ ನೋಡಿ ನಿರ್ಧರಿಸಬಾರದು. ಒಂದು ಟೆರಾಬೈಟ್ ಡೇಟಾ ಇದ್ದರೂ ದಿನನಿತ್ಯ ಓಡಾಡುವುದು ಕಳೆದ ಕೆಲವು ವಾರಗಳ 40 ಜಿಬಿ ಮಾತ್ರ ಆಗಿರಬಹುದು. ಈ ಓಡಾಡುವ ಭಾಗಕ್ಕೆ ವರ್ಕಿಂಗ್ ಸೆಟ್ ಎಂದು ಹೆಸರು. ಪೀಟರ್ ಡೆನ್ನಿಂಗ್ 1968ರಲ್ಲಿ ಆಪರೇಟಿಂಗ್ ಸಿಸ್ಟಮ್‌ಗಳ ಸಂದರ್ಭದಲ್ಲಿ ಕೊಟ್ಟ ಪರಿಕಲ್ಪನೆಯಿದು. ವರ್ಕಿಂಗ್ ಸೆಟ್ ಮೆಮೊರಿಯಲ್ಲಿ ಹಿಡಿಸುತ್ತಿರುವವರೆಗೆ ಎಲ್ಲವೂ ಸರಾಗ. ಅದು ಸ್ವಲ್ಪ ಮೀರಿದರೂ ಕೆಲವೊಮ್ಮೆ ವೇಗ ಇಳಿಜಾರಿನಲ್ಲಿ ಇಳಿಯುವ ಬದಲು ಪ್ರಪಾತಕ್ಕೆ ಬೀಳುತ್ತದೆ. ನೂರು ಪುಟ ಹಿಡಿಸುವ ಕ್ಯಾಶ್ ಇದೆ, ಬಹಳ ಹೊತ್ತಿನಿಂದ ಮುಟ್ಟದ ಪುಟವನ್ನು ಹೊರಹಾಕುವುದು ಅದರ ನಿಯಮ, ಮತ್ತು ಒಂದು ಕ್ವೆರಿ 101 ಪುಟಗಳನ್ನು ಸಾಲಾಗಿ ಮತ್ತೆ ಮತ್ತೆ ಓದುತ್ತಿದೆ ಎಂದುಕೊಳ್ಳಿ. 101ನೆಯ ಪುಟ ಬರುವಾಗ ಒಂದನೆಯದು ಹೊರಬೀಳುತ್ತದೆ, ಮುಂದೆ ಬೇಕಾಗುವುದು ಅದೇ ಒಂದನೆಯದು. ಅದನ್ನು ತಂದಾಗ ಎರಡನೆಯದು ಹೊರಬೀಳುತ್ತದೆ. ಶೇ. 99ರಷ್ಟು ಜಾಗ ಇದ್ದೂ ಹಿಟ್ ಸೊನ್ನೆ.

ಡೇಟಾಬೇಸ್ ಬರೆದವರು ಈ ಅಪಾಯವನ್ನು ಚೆನ್ನಾಗಿ ಬಲ್ಲರು. ಇನ್ನೊಡಿಬಿ ಹೊಸದಾಗಿ ಬಂದ ಪುಟವನ್ನು ತನ್ನ ಪಟ್ಟಿಯ ತಲೆಯಲ್ಲಿ ಕೂರಿಸದೆ, ಬಾಲದಿಂದ ಎಂಟರಲ್ಲಿ ಮೂರು ಪಾಲಿನಷ್ಟು ದೂರದಲ್ಲಿ ಇಡುತ್ತದೆ. ಮೊದಲ ಸ್ಪರ್ಶದಿಂದ ಒಂದು ಸೆಕೆಂಡ್ ಕಳೆದ ಮೇಲೂ ಅದನ್ನು ಯಾರಾದರೂ ಕೇಳಿದರೆ ಮಾತ್ರ ಅದಕ್ಕೆ ಮುಂದಿನ ಸಾಲಿನಲ್ಲಿ ಸ್ಥಾನ. ಪೋಸ್ಟ್‌ಗ್ರೆಸ್ ಪ್ರತಿ ಪುಟದ ಬಳಕೆಯನ್ನು ಗರಿಷ್ಠ 5ರವರೆಗೆ ಎಣಿಸುತ್ತಾ, ಗಡಿಯಾರದ ಮುಳ್ಳಿನಂತೆ ಸುತ್ತುತ್ತಾ ಒಂದೊಂದೇ ಅಂಕ ಕಳೆದು, ಸೊನ್ನೆಗಿಳಿದದ್ದನ್ನು ಹೊರಹಾಕುತ್ತದೆ; ಬಫರಿನ (ಪುಟಗಳಿಗಾಗಿ ಮೀಸಲಿಟ್ಟ ಮೆಮೊರಿಯ) ಕಾಲು ಭಾಗಕ್ಕಿಂತ ದೊಡ್ಡದಾದ ಟೇಬಲ್ಲನ್ನು ಪೂರ್ತಿ ಓದುವ ಕ್ವೆರಿಗೆ ಸುತ್ತಿ ಸುತ್ತಿ ಬಳಸುವ ಪುಟ್ಟ ವರ್ತುಲವೊಂದನ್ನು ಕೊಟ್ಟು, ಉಳಿದವರ ಪುಟಗಳನ್ನು ಅದು ತಳ್ಳದಂತೆ ನೋಡಿಕೊಳ್ಳುತ್ತದೆ. ತಿಂಗಳ ಕೊನೆಯ ವರದಿಯೊಂದು ಓಡಿದ ಮಾತ್ರಕ್ಕೆ ಇಡೀ ವ್ಯವಸ್ಥೆ ಕುಸಿಯದಿರುವುದಕ್ಕೆ ಇಂಥ ಸೂಕ್ಷ್ಮಗಳೇ ಕಾರಣ.

ಆದರೆ ಈ ಜಾಣತನವೆಲ್ಲ ಕೆಲಸಕ್ಕೆ ಬರುವುದು ಡೇಟಾಬೇಸಿಗೆ ಮೆಮೊರಿಯನ್ನು ಬಿಟ್ಟುಕೊಟ್ಟಾಗ. ಪೋಸ್ಟ್‌ಗ್ರೆಸ್‌ನ ಶೇರ್ಡ್ ಬಫರ್ಸ್ ಮತ್ತು ಇನ್ನೊಡಿಬಿಯ ಬಫರ್ ಪೂಲ್ ಎರಡರ ಪೂರ್ವನಿಯೋಜಿತ ಗಾತ್ರವೂ 128 ಎಂಬಿ. 64 ಜಿಬಿ ರ‍್ಯಾಮಿನ ಹೊಸ ಯಂತ್ರ ತಂದು ಈ ಅಂಕಿಯನ್ನು ಹಾಗೆಯೇ ಬಿಟ್ಟಿದ್ದ ಸ್ಥಾಪನೆಗಳನ್ನು ನಾನೇ ನೋಡಿದ್ದೇನೆ. ಡೇಟಾಬೇಸಿಗೆಂದೇ ಮೀಸಲಾದ ಸರ್ವರಿನಲ್ಲಿ ಬಫರ್ ಪೂಲನ್ನು ಶೇ. 80ರವರೆಗೂ ಏರಿಸಬಹುದು ಎಂದು ಮೈಎಸ್‌ಕ್ಯುಎಲ್ ಕೈಪಿಡಿ ಹೇಳಿದರೆ, ಪೋಸ್ಟ್‌ಗ್ರೆಸ್ ಕೈಪಿಡಿ ಶೇ. 25ರಿಂದ ಆರಂಭಿಸಲು ಹೇಳುತ್ತದೆ. ಇದು ಪರಸ್ಪರ ವಿರೋಧವಲ್ಲ: ಇನ್ನೊಡಿಬಿಯನ್ನು ಆಪರೇಟಿಂಗ್ ಸಿಸ್ಟಮ್ಮಿನ ಕ್ಯಾಶನ್ನು ಬದಿಗಿಟ್ಟು ಡಿಸ್ಕನ್ನು ನೇರವಾಗಿ ಓದುವಂತೆ ಹೊಂದಿಸುವುದು ರೂಢಿ, ಪೋಸ್ಟ್‌ಗ್ರೆಸ್ ಮಾತ್ರ ಆ ಕ್ಯಾಶನ್ನೇ ತನ್ನ ಎರಡನೆಯ ಉಗ್ರಾಣವನ್ನಾಗಿ ಮಾಡಿಕೊಂಡಿದೆ. ಇನ್ನೊಂದು ಕಡೆ ಉದಾರವಾಗಿ ಹಂಚುವ ಅಪಾಯವೂ ಉಂಟು. ಪೋಸ್ಟ್‌ಗ್ರೆಸ್‌ನ ವರ್ಕ್ ಮೆಮ್ ಎಂಬ ಮಿತಿ ಅನ್ವಯಿಸುವುದು ಇಡೀ ಸರ್ವರಿಗಲ್ಲ, ಒಂದೊಂದು ಸಾರ್ಟಿಗೆ, ಅಂದರೆ ಸಾಲುಗಳನ್ನು ಕ್ರಮವಾಗಿ ಜೋಡಿಸುವ ಒಂದೊಂದು ಕೆಲಸಕ್ಕೆ. ಅದನ್ನು 256 ಎಂಬಿಗೆ ಏರಿಸಿ, 200 ಕನೆಕ್ಷನ್‌ಗಳು ಏಕಕಾಲಕ್ಕೆ ಒಂದೊಂದು ಸಾರ್ಟ್ ಮಾಡಿದರೆ 50 ಜಿಬಿ ಬೇಕಾಗುತ್ತದೆ. ಮೆಮೊರಿ ಸಾಲದೆ ಸ್ವಾಪ್ (ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಸಾಗಿಸುವುದು) ಶುರುವಾಯಿತೆಂದರೆ ವೇಗಕ್ಕಾಗಿ ಇಟ್ಟ ಬಫರ್ ಡಿಸ್ಕಿಗೆ ಹೋಗಿ ಕುಳಿತಿರುತ್ತದೆ.

ಒಮ್ಮೆ ಹೀಗೆಯೇ ಒಂದು ರಾತ್ರಿ ಸರ್ವರ್ ನಿಲ್ಲಿಸಿ, ರ‍್ಯಾಮನ್ನು ಇಮ್ಮಡಿ ಮಾಡಿ, ಬೆಳಿಗ್ಗೆ ಬಳಕೆದಾರರು ಬಂದಾಗ ಎಲ್ಲವೂ ಮೊದಲಿಗಿಂತ ನಿಧಾನವಾಗಿದ್ದುದನ್ನು ಕಂಡು ನಾನು ಬೆವರಿದ್ದೆ. ತಪ್ಪು ಯಂತ್ರದ್ದಲ್ಲ, ಮರುಚಾಲನೆಯಿಂದ ಬಫರ್ ಖಾಲಿಯಾಗಿತ್ತು ಅಷ್ಟೇ. ಸೆಕೆಂಡಿಗೆ 3000 ಓದುಗಳ ಮಿತಿಯಿರುವ ಕ್ಲೌಡ್ ಡಿಸ್ಕಿನಿಂದ 16 ಕೆಬಿಯ ಪುಟಗಳನ್ನು ಒಂದೊಂದಾಗಿ ತಂದರೆ ಸೆಕೆಂಡಿಗೆ 48 ಎಂಬಿ ಮಾತ್ರ ಬರುತ್ತದೆ, ಆ ಲೆಕ್ಕದಲ್ಲಿ 48 ಜಿಬಿ ತುಂಬಲು ಹದಿನೇಳು ನಿಮಿಷ ಬೇಕು, ಅದೂ ಡಿಸ್ಕ್ ಬೇರೇನೂ ಮಾಡದಿದ್ದರೆ. ಇನ್ನೊಡಿಬಿ ನಿಲ್ಲುವಾಗ ಯಾವ ಪುಟಗಳು ಬಳಕೆಯಲ್ಲಿದ್ದವು ಎಂಬ ಪಟ್ಟಿಯನ್ನು ಬರೆದಿಟ್ಟು ಮರಳಿ ತುಂಬಿಕೊಳ್ಳಬಲ್ಲದು, ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ ಪ್ರಿವಾರ್ಮ್ ಎಂಬ ಎಕ್ಸ್‌ಟೆನ್ಶನ್ ಆ ಕೆಲಸ ಮಾಡುತ್ತದೆ. ಅಂದಿನಿಂದ ಮರುಚಾಲನೆಯ ಯೋಜನೆಯಲ್ಲಿ ಬಫರ್ ಬೆಚ್ಚಗಾಗಿಸುವ ಸಮಯವನ್ನೂ ಸೇರಿಸುತ್ತೇನೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಓದಿನ ಮಾತು. ಬರವಣಿಗೆಗೆ ಮೆಮೊರಿ ಎಷ್ಟಿದ್ದರೂ ಒಂದು ಹಂತದಲ್ಲಿ ಪ್ರಯೋಜನವಿಲ್ಲ, ಏಕೆಂದರೆ ಕಮಿಟ್ ಎಂದರೆ ಕರೆಂಟು ಹೋದರೂ ಈ ಬದಲಾವಣೆ ಉಳಿಯುತ್ತದೆ ಎಂಬ ವಾಗ್ದಾನ. ಡೇಟಾಬೇಸ್ ಬದಲಾದ ಪುಟವನ್ನು ನಿಧಾನವಾಗಿ ಬರೆದುಕೊಳ್ಳಬಹುದು, ಆದರೆ ಬದಲಾವಣೆಯ ದಾಖಲೆಯಾದ ಲಾಗನ್ನು ಎಫ್‌ಸಿಂಕ್ ಎಂಬ ಆದೇಶದ ಮೂಲಕ ಡಿಸ್ಕಿಗೆ ಮುಟ್ಟಿಸದೆ ಕಮಿಟ್ ಆಯಿತು ಎನ್ನುವಂತಿಲ್ಲ. 7200 ಸುತ್ತಿನ ಡಿಸ್ಕಿನಲ್ಲಿ ಲಾಗಿನ ಮುಂದಿನ ಜಾಗ ತಲೆಯ ಕೆಳಗೆ ಮತ್ತೆ ಬರಲು ಒಂದು ಸುತ್ತು ಕಾಯಬೇಕಾದ್ದರಿಂದ, ಒಂದೇ ಕನೆಕ್ಷನ್ ಒಂದಾದ ಮೇಲೊಂದು ಕಮಿಟ್ ಮಾಡುತ್ತಿದ್ದರೆ ಸೆಕೆಂಡಿಗೆ 120 ಮೀರಲಾರದು. ಅದಕ್ಕಿಂತ ಬಹಳ ಹೆಚ್ಚು ಬಂದರೆ ಸಂಭ್ರಮಿಸುವ ಮೊದಲು, ನಡುವೆ ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಅನುಮಾನಿಸಬೇಕು. ಡಿಸ್ಕಿನೊಳಗಿನ ತಾತ್ಕಾಲಿಕ ಕ್ಯಾಶ್ ಬರೆದಾಯಿತು ಎಂದು ಮೊದಲೇ ಹೇಳಿಬಿಡುವುದುಂಟು.

ಈ ಕಾಯುವಿಕೆಯನ್ನು ಪ್ರಾಮಾಣಿಕವಾಗಿ ಕಡಿಮೆ ಮಾಡುವ ಯಂತ್ರಾಂಶವೆಂದರೆ ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವ, ಬ್ಯಾಟರಿ ಇರುವ ರೇಡ್ ಕಂಟ್ರೋಲರ್, ಅಥವಾ ಕರೆಂಟು ಹೋದಾಗ ಕ್ಯಾಶಿನಲ್ಲಿರುವುದನ್ನು ಬರೆದು ಮುಗಿಸುವಷ್ಟು ಶಕ್ತಿ ಕೂಡಿಟ್ಟ ಕೆಪಾಸಿಟರ್‌ಗಳಿರುವ ಸರ್ವರ್ ದರ್ಜೆಯ ಎಸ್‌ಎಸ್‌ಡಿ. ಲ್ಯಾಪ್‌ಟಾಪಿಗೆ ಹಾಕುವ ಎಸ್‌ಎಸ್‌ಡಿಯೂ ಇದೂ ಓದಿನ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಸಮವಾಗಿ ಕಂಡರೂ ಕಮಿಟ್ ಪರೀಕ್ಷೆಯಲ್ಲಿ ಅಜಗಜಾಂತರ ಇರುತ್ತದೆ, ಏಕೆಂದರೆ ಕೆಪಾಸಿಟರ್ ಇರುವ ಡಿಸ್ಕ್ ತನ್ನ ಕ್ಯಾಶಿಗೆ ಬಂದದ್ದನ್ನೇ ಸುರಕ್ಷಿತ ಎಂದು ಧೈರ್ಯವಾಗಿ ಹೇಳಬಲ್ಲದು. ಹಲವು ಕನೆಕ್ಷನ್‌ಗಳ ಕಮಿಟ್‌ಗಳನ್ನು ಒಂದೇ ಎಫ್‌ಸಿಂಕ್‌ನಲ್ಲಿ ಸೇರಿಸುವ ಗ್ರೂಪ್ ಕಮಿಟ್ ತಂತ್ರ ಡೇಟಾಬೇಸ್‌ಗಳಲ್ಲಿ ಬಹುಕಾಲದಿಂದಲೂ ಇದೆ. ಇನ್ನು ವಾಗ್ದಾನವನ್ನೇ ಸಡಿಲಿಸುವ ದಾರಿಯೂ ಇದೆ: ಪೋಸ್ಟ್‌ಗ್ರೆಸ್‌ನಲ್ಲಿ ಸಿಂಕ್ರೊನಸ್ ಕಮಿಟ್ ಆಫ್ ಮಾಡಿದರೆ ಅವಘಡವಾದಾಗ ಕೊನೆಯ ಅರ್ಧ ಸೆಕೆಂಡಿನಷ್ಟು ಕಮಿಟ್‌ಗಳು ಹೋಗಬಹುದು, ಆದರೆ ಡೇಟಾಬೇಸ್ ಕೆಡುವುದಿಲ್ಲ. ಎಫ್‌ಸಿಂಕನ್ನೇ ಆಫ್ ಮಾಡಿದರೆ ಡೇಟಾಬೇಸೇ ಹಾಳಾಗಬಹುದು. ಹೆಸರುಗಳು ಒಂದೇ ಬಗೆಯವೆನಿಸಿದರೂ ಮೊದಲನೆಯದು ಲೆಕ್ಕ ಹಾಕಿ ಒಪ್ಪಬಹುದಾದ ನಷ್ಟ, ಎರಡನೆಯದು ಜೂಜು. ರೇಡ್ 5ರ ಬಗ್ಗೆ ಒಂದು ಮಾತು ಸಾಕು: ಅದರಲ್ಲಿ ಒಂದು ಸಣ್ಣ ಬರವಣಿಗೆಗೆ ಹಳೆಯ ಡೇಟಾ ಮತ್ತು ಪ್ಯಾರಿಟಿಗಳನ್ನು (ಡಿಸ್ಕ್ ಕೆಟ್ಟರೆ ಡೇಟಾ ಮರಳಿ ಪಡೆಯಲು ಇಟ್ಟ ಲೆಕ್ಕವನ್ನು) ಓದಿ ಹೊಸವನ್ನು ಬರೆಯುವ ನಾಲ್ಕು ಕೆಲಸಗಳಾಗುತ್ತವೆ, ಎರಡೆರಡು ಪ್ರತಿ ಇಡುವ ರೇಡ್ 10ರಲ್ಲಿ ಎರಡೇ.

ಪ್ರೊಸೆಸರ್ ವಿಷಯ ಇಷ್ಟು ಉದ್ದವಿಲ್ಲ. ಸಣ್ಣ ಕ್ವೆರಿಗಳು ಸಾವಿರಾರು ಬರುವಲ್ಲಿ ಹೆಚ್ಚು ಕೋರ್‌ಗಳು (ಪ್ರೊಸೆಸರಿನೊಳಗಿನ ಲೆಕ್ಕದ ಘಟಕಗಳು) ನೆರವಾಗುತ್ತವೆ, ಒಂದೇ ದೊಡ್ಡ ಕ್ವೆರಿ ಒಂದೇ ಕೋರಿನಲ್ಲಿ ಓಡುತ್ತಿದ್ದರೆ ಆ ಕೋರಿನ ವೇಗ ಮುಖ್ಯವಾಗುತ್ತದೆ. ಯಾವ ಸಾಧನವನ್ನೇ ಆಗಲಿ ಪೂರ್ತಿ ದುಡಿಸಲು ಹೋದರೆ ಸರತಿ ಬೆಳೆಯುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು; ಸರಳ ಸರತಿ ಗಣಿತದ ಪ್ರಕಾರ ಶೇ. 50ರ ಹೊರೆಯಲ್ಲಿ ಕೆಲಸವೊಂದು ಮುಗಿಯಲು ಅದರ ಸ್ವಂತ ಸಮಯದ ಎರಡು ಪಟ್ಟು ಬೇಕಾದರೆ, ಶೇ. 80ರಲ್ಲಿ ಐದು ಪಟ್ಟು, ಶೇ. 90ರಲ್ಲಿ ಹತ್ತು ಪಟ್ಟು ಬೇಕು. ಸಾವಿರ ಕನೆಕ್ಷನ್ ತೆರೆದಿಟ್ಟರೆ ಸಾವಿರ ಕೆಲಸ ಒಟ್ಟಿಗೆ ಆಗುತ್ತದೆ ಎಂಬ ನಂಬಿಕೆ ಸುಳ್ಳಾಗುವುದೂ ಇದರಿಂದಲೇ. ಕನೆಕ್ಷನ್ ಪೂಲ್ ಇಟ್ಟು ಒಳಗೆ ಬರುವವರ ಸಂಖ್ಯೆಯನ್ನು ಮಿತಗೊಳಿಸಿದರೆ ಒಟ್ಟು ಕೆಲಸ ಬೇಗ ಮುಗಿಯುವುದನ್ನು ಕಾಣಬಹುದು.

ಕೊನೆಗೆ ಡೇಟಾಬೇಸಿನ ಹೊರಗಿನ ಕ್ಯಾಶ್. ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಲೈವ್‌ಜರ್ನಲ್ ತಾಣಕ್ಕಾಗಿ 2003ರಲ್ಲಿ ಬರೆದ ಮೆಮ್‌ಕ್ಯಾಶ್ಡ್ ಮತ್ತು ಸಾಲ್ವಟೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಹೊರತಂದ ರೆಡಿಸ್ ಇದಕ್ಕೆ ಹೆಸರಾದವು. ಇವನ್ನು ನಾನು ಕೊನೆಗೆ ಇಟ್ಟಿರುವುದು ಉದ್ದೇಶಪೂರ್ವಕವಾಗಿಯೇ. ಒಂದೇ ಡೇಟಾ ಸೆಂಟರಿನೊಳಗೂ ನೆಟ್‌ವರ್ಕ್‌ನಲ್ಲಿ ಹೋಗಿಬರಲು ಅರ್ಧ ಮಿಲಿಸೆಕೆಂಡಿನ ಆಸುಪಾಸಿನ ಸಮಯ ಬೇಕು. ಅದು ರೆಡಿಸ್ಸಿಗೆ ಹೋದರೂ ಅಷ್ಟೇ, ಡೇಟಾಬೇಸಿಗೆ ಹೋದರೂ ಅಷ್ಟೇ. ಮೂರೂ ಪುಟಗಳು ಬಫರಿನಲ್ಲಿರುವಾಗ ಪ್ರೈಮರಿ ಕೀ (ಸಾಲಿನ ವಿಶಿಷ್ಟ ಗುರುತು) ಹಿಡಿದು ಒಂದು ಸಾಲು ತರುವ ಕ್ವೆರಿಯನ್ನು ಕ್ಯಾಶ್ ಮಾಡಿ ಗಳಿಸುವುದು ಅತ್ಯಲ್ಪ. ಹತ್ತು ಟೇಬಲ್‌ಗಳನ್ನು ಜೋಡಿಸಿ, ಲಕ್ಷ ಸಾಲುಗಳನ್ನು ಕೂಡಿಸಿ ಬರುವ ಒಂದು ಸಂಖ್ಯೆಯನ್ನು ಸಾವಿರ ಜನ ಕೇಳುತ್ತಿದ್ದರೆ ಮಾತು ಬೇರೆ. ಅಲ್ಲಿ ಕ್ಯಾಶ್ ಉಳಿಸುವುದು ಓದನ್ನಷ್ಟೇ ಅಲ್ಲ, ಲೆಕ್ಕವನ್ನೂ.

ಅದಕ್ಕೆ ಪ್ರತಿಯಾಗಿ ತೆರಬೇಕಾದ ಬೆಲೆಯೆಂದರೆ ಸತ್ಯ ಎರಡು ಕಡೆ ಇರುವುದು. ಡೇಟಾಬೇಸಿನ ಒಳಗಿನ ಬಫರ್ ಎಂದಿಗೂ ಹಳಸಲು ಉತ್ತರ ಕೊಡುವುದಿಲ್ಲ. ಹೊರಗಿನ ಕ್ಯಾಶ್ ಕೊಡಬಲ್ಲದು. ದಾಸ್ತಾನಿನ ಸಂಖ್ಯೆ 10 ಎಂದಿಟ್ಟುಕೊಳ್ಳಿ. ಮೊದಲ ಪ್ರಕ್ರಿಯೆ ಕ್ಯಾಶಿನಲ್ಲಿ ನೋಡುತ್ತದೆ, ಇಲ್ಲ. ಡೇಟಾಬೇಸಿನಿಂದ 10 ಎಂದು ಓದಿಕೊಳ್ಳುತ್ತದೆ. ಅದು ಕ್ಯಾಶಿಗೆ ಬರೆಯುವ ಮುನ್ನವೇ ಎರಡನೆಯ ಪ್ರಕ್ರಿಯೆ ಸಂಖ್ಯೆಯನ್ನು 9ಕ್ಕೆ ಬದಲಿಸಿ, ಕಮಿಟ್ ಮಾಡಿ, ಶಿಸ್ತಾಗಿ ಕ್ಯಾಶಿನ ಕೀಯನ್ನು (ಆ ಉತ್ತರವನ್ನು ಇಟ್ಟಿರುವ ಹೆಸರನ್ನು) ಅಳಿಸುತ್ತದೆ. ಅಳಿಸಲು ಅಲ್ಲಿ ಏನೂ ಇಲ್ಲ. ಆಮೇಲೆ ಮೊದಲ ಪ್ರಕ್ರಿಯೆ ಎಚ್ಚೆತ್ತು ತನ್ನ ಕೈಯಲ್ಲಿದ್ದ 10ನ್ನು ಕ್ಯಾಶಿಗೆ ತುಂಬುತ್ತದೆ. ಇಬ್ಬರೂ ನಿಯಮ ಪಾಲಿಸಿದ್ದಾರೆ, ಆದರೂ ಆ ಕೀಯ ಅವಧಿ ಮುಗಿಯುವವರೆಗೆ ಎಲ್ಲರಿಗೂ ತಪ್ಪು ಉತ್ತರ ಸಿಗುತ್ತದೆ. ಫೇಸ್‌ಬುಕ್ ಎಂಜಿನಿಯರುಗಳು 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ಲೀಸ್ ಎಂಬ ಪರಿಹಾರವನ್ನು ವಿವರಿಸಿದ್ದಾರೆ: ಮಿಸ್ ಆದವರಿಗೆ ಕ್ಯಾಶ್ ಒಂದು ಟೋಕನ್ ಕೊಡುತ್ತದೆ, ನಡುವೆ ಯಾರಾದರೂ ಕೀ ಅಳಿಸಿದರೆ ಆ ಟೋಕನ್ ಅಸಿಂಧುವಾಗುತ್ತದೆ, ಅಸಿಂಧು ಟೋಕನ್ ತಂದವರ ಬರವಣಿಗೆಯನ್ನು ಕ್ಯಾಶ್ ತಿರಸ್ಕರಿಸುತ್ತದೆ.

ಅದೇ ಲೀಸ್ ಇನ್ನೊಂದು ಕಂಟಕವನ್ನೂ ತಡೆಯುತ್ತದೆ. ಒಂದು ಸೆಕೆಂಡ್ ಹಿಡಿಯುವ ಕ್ವೆರಿಯ ಫಲಿತಾಂಶವನ್ನು ಸೆಕೆಂಡಿಗೆ 2000 ಬಾರಿ ಕೇಳಲಾಗುತ್ತಿದ್ದು, ಅದರ ಅವಧಿ ಮುಗಿದ ಕ್ಷಣದಲ್ಲಿ ಎಲ್ಲರೂ ಒಟ್ಟಿಗೆ ಡೇಟಾಬೇಸಿನ ಮೇಲೆ ಮುಗಿಬೀಳುತ್ತಾರೆ. ಒಂದು ಕೀಗೆ 10 ಸೆಕೆಂಡಿಗೆ ಒಂದೇ ಟೋಕನ್ ಎಂಬ ನಿಯಮವಿದ್ದರೆ ಒಬ್ಬನೇ ಒಳಹೋಗಿ ತರುತ್ತಾನೆ, ಉಳಿದವರು ಕ್ಷಣಕಾಲ ಕಾಯುತ್ತಾರೆ. ಕ್ಯಾಶೇ ಬಿದ್ದುಹೋದರೆ ಏನು ಎಂಬುದನ್ನೂ ಮೊದಲೇ ಲೆಕ್ಕ ಹಾಕಿರಬೇಕು: ಶೇ. 95ರಷ್ಟು ಬೇಡಿಕೆಯನ್ನು ತಡೆದು ನಿಲ್ಲಿಸಿದ್ದ ಕ್ಯಾಶ್ ಇಲ್ಲವಾದಾಗ ಡೇಟಾಬೇಸಿನ ಮೇಲೆ ಬೀಳುವುದು ಇಪ್ಪತ್ತು ಪಟ್ಟು ಹೊರೆ. ಮೈಎಸ್‌ಕ್ಯುಎಲ್ ತನ್ನೊಳಗೇ ಇಟ್ಟುಕೊಂಡಿದ್ದ ಕ್ವೆರಿ ಕ್ಯಾಶ್ ಟೇಬಲ್ಲಿನ ಒಂದು ಸಾಲು ಬದಲಾದರೂ ಆ ಟೇಬಲ್ಲಿಗೆ ಸಂಬಂಧಿಸಿದ ಎಲ್ಲ ಫಲಿತಾಂಶಗಳನ್ನೂ ಎಸೆಯುತ್ತಿತ್ತು, ಮತ್ತು ಹಲವು ಕೋರ್‌ಗಳ ಯಂತ್ರದಲ್ಲಿ, ಒಮ್ಮೆಗೆ ಒಬ್ಬರಿಗೇ ಸಿಗುವ ಅದರ ಬೀಗಕ್ಕಾಗಿಯೇ ನೂಕುನುಗ್ಗಲಾಗುತ್ತಿತ್ತು. 2018ರಲ್ಲಿ ಬಂದ 8.0 ಆವೃತ್ತಿಯಲ್ಲಿ ಅದನ್ನು ಕಿತ್ತೇ ಹಾಕಲಾಯಿತು.

ಇಷ್ಟೆಲ್ಲ ಆಯ್ಕೆಗಳಲ್ಲಿ ಯಾವುದು ನಮ್ಮ ಸಮಸ್ಯೆಗೆ ಸಲ್ಲುತ್ತದೆ ಎಂಬುದನ್ನು ಡೇಟಾಬೇಸೇ ಹೇಳುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ನಿಧಾನವಾದ ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಹಾಕಿ, ಅನಲೈಜ್ ಮತ್ತು ಬಫರ್ಸ್ ಎಂಬ ಆಯ್ಕೆಗಳನ್ನು ಸೇರಿಸಿ ಓಡಿಸಿದರೆ ಎಷ್ಟು ಪುಟ ಬಫರಿನಲ್ಲಿ ಸಿಕ್ಕವು, ಎಷ್ಟನ್ನು ಹೊರಗಿನಿಂದ ತರಬೇಕಾಯಿತು ಎಂಬ ಎರಡು ಅಂಕಿಗಳು ಬರುತ್ತವೆ. ಎರಡೂವರೆ ಲಕ್ಷ ಪುಟ ಸಿಕ್ಕವು, ತಂದದ್ದು ಸೊನ್ನೆ ಎಂದಿದ್ದರೆ ಹಿಟ್ ಶೇ. 100 ಇದ್ದೂ ಆ ಕ್ವೆರಿ ಕೆಟ್ಟದ್ದೇ. ಮೂರು ಪುಟದ ಕೆಲಸಕ್ಕೆ ಇಡೀ ಟೇಬಲ್ ತಡಕಾಡುತ್ತಿರುವ ಅದಕ್ಕೆ ಬೇಕಾದದ್ದು ಒಂದು ಇಂಡೆಕ್ಸ್, ಅಂದರೆ ಬೇಕಾದ ಸಾಲಿಗೆ ನೇರವಾಗಿ ಕರೆದೊಯ್ಯುವ ಬಿ-ಟ್ರೀಯಂಥ ಸೂಚಿ. ತಂದ ಪುಟಗಳೇ ಹೆಚ್ಚಿದ್ದು ಪ್ರತಿ ಸಲವೂ ಹಾಗೆಯೇ ಬರುತ್ತಿದ್ದರೆ ರ‍್ಯಾಮ್ ಅಥವಾ ಡಿಸ್ಕಿನ ಮಾತು ತೆಗೆಯಬಹುದು. ಸಿಕ್ಕಿದ್ದು ಮೂರು, ತಂದದ್ದು ಸೊನ್ನೆ, ಆದರೂ ಅಪ್‌ಡೇಟ್ ಒಂದಕ್ಕೆ ನಾಲ್ಕು ಸೆಕೆಂಡ್ ಹಿಡಿಯಿತು ಎಂದು ಕಂಡರೆ, ಅದೇ ಸಾಲಿನ ಬೀಗ ಹಿಡಿದು ಕಮಿಟ್ ಮಾಡದೆ ಕುಳಿತಿರುವ ಇನ್ನೊಂದು ಕನೆಕ್ಷನ್ನನ್ನು ಹುಡುಕಬೇಕು.